ರಿಟ್ಟಿನ ಅಧಿಕಾರವೂ ಕನ್ನಡಿಗನ ನಾಲಗೆಯೂ

1956ನೆಯ ಇಸವಿಯ ನವೆಂಬರ 1ನೆಯ ತಾರೀಖಿಗೆ ಕನ್ನಡ ನಾಡು ಒಂದಾಯಿತು. ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಜನರು ಒಂದೇ ಆಡಳಿತದ ನೆರಳಿಗೆ ಬಂದರು. ಇನ್ನು ಏಕೀಕರಣದ ಮಾತನ್ನೆತ್ತುವದು ಉಂಡೆದ್ದ ಮೇಲೆ ಮತ್ತೆ ಎಲೆ ಹಾಸಿದಂತೆ ಎಂದು ಕೆಲವರು ಸುಜ್ಞರು ನಮಗೆ ಬುದ್ಧಿ ಹೇಳುತ್ತಿರುವರು. ಈ ಸುಜ್ಞರನ್ನು ನಾವು ಒಂದು ಪ್ರಶ್ನೆ ಕೇಳುವೆವು. ಒಕ್ಕಟ್ಟಾದ ಈ ನಾಡಿನಲ್ಲಿ ತಹಶೀಲದಾರನು ಕನ್ನಡದಲ್ಲಿ ಬರೆದ ಹುಕುಮಿನಿಂದ ಅನ್ಯಾಯಕ್ಕೆ ಗುರಿಯಾದ ಕನ್ನಡಿಗನು, ಆ ಹುಕುಮನ್ನು ರದ್ದುಪಡಿಸಿರೆಂದು ತನ್ನದೇ ನಾಡಿನ ಹಾಯಕೋರ್ಟಿನ ಮುಂದೆ ಕನ್ನಡದಲ್ಲಿ ಬೇಡಿಕೊಳ್ಳುವ ಹಕ್ಕನ್ನು ಪಡೆದಿರುವನೇ? ಇಲ್ಲವೆಂದಾದರೆ ಒಂದಾದದ್ದು ನಕಾಶೆಯೋ, ನಾಡೋ?

ರಿಟ್ಟೆಂಬ ಶಬ್ದವನ್ನು ಕೇಳಿದೊಡನೆ ಇದು ವಕೀಲರ ಮಾತು, ನಮಗೇಕೆ ಎಂದು ಪತ್ರಿಕೆಯ ಪುಟವನ್ನು ಮಗುಚಬೇಡಿರೆಂದು ವಾಚಕರಲ್ಲಿ ವಿನಂತಿ. ಅಧಿಕಾರವು ಕೈಯಲ್ಲಿದ್ದವನು ಕಾಯಿದೆಯ ಎಲ್ಲೆಯನ್ನು ಮೀರಿದಾಗ ಅವನ ಕೈಯನ್ನು ಹಿಡಿದು ನಿಲ್ಲಿಸುವ ಮೇಲಿನ ಕೋರ್ಟಿನ ಆಜ್ಞೆಗೆ ರಿಟ್ಟೆಂದು ಹೆಸರು. ಸೆರೆಹಿಡಿದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸು, ಯಾವ ಕಾಯಿದೆಯಿಂದ ಹಿಡಿದೆ ಹೇಳು ಎಂಬುದು ಬಂದೀ ಪ್ರತ್ಯಕ್ಷೀಕರಣ; ನಿನ್ನ ಕರ್ತವ್ಯವನ್ನು ನೀನು ಮಾಡು ಎಂಬುದು ಪರಮಾದೇಶ; ನಿನಗಿಲ್ಲದ ಅಧಿಕಾರವನ್ನು ನಡೆಯಿಸಬೇಡ ಎಂಬುದು ಪ್ರತಿಷೇಧ; ನೀನು ಕೊಟ್ಟ ನಿರ್ಣಯದ ಕಾಗದಗಳನ್ನು ಮೇಲಕ್ಕೆ ಕಳಿಸು, ನೋಡಿ ರದ್ದುಮಾಡುವೆವು ಎಂಬುದು ಉತ್ಪ್ರೇಷಣ; ಈ ಗಾದಿಯ ಮೇಲೆ ನೀನು ಯಾವ ಹಕ್ಕಿನಿಂದ ಕುಳಿತಿರುವೆ ಎಂದು ಕೇಳುವದು ಅಧಿಕಾರ ಪೃಚ್ಛೆ. ಹೀಗೆ ಐದು. ನಮ್ಮ ಶಾಲೆಯ ಮಾಸ್ತರರೊಬ್ಬರನ್ನು ಒಂದು ಮಾತನ್ನೂ ಕೇಳದೆ ಕೆಲಸದಿಂದ ತೆಗೆದರೆ, ಬಡ ರೈತನ ಭೂಮಿಯನ್ನು ನೋಟೀಸು ಕೊಡದೆ ಸ್ವಾಧೀನ ಮಾಡಿಕೊಂಡರೆ, ಆ ಹುಕುಮನ್ನು ಮುರಿಯುವ ಆಯುಧವು ಇದೇ. ಇದಕ್ಕಿಂತ ನಮ್ಮ ಮನೆಬಾಗಿಲಿಗೆ ಹತ್ತಿರದ ವಿಷಯವು ಬೇರೆ ಯಾವುದಿರುವದು?

ಆದರೆ ಈ ಆಯುಧವು ನಮ್ಮ ಕೈಗೆ ಸುಲಭವಾಗಿ ಬಂದುದಲ್ಲ. ಆ ಚರಿತ್ರೆಯನ್ನು ನಮ್ಮ ಪಾಠಶಾಲೆಗಳಲ್ಲಿ ಕಲಿಸುವದಿಲ್ಲವಾದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವದು ಅವಶ್ಯವಾಗಿದೆ.

ಪೇಶವೆಯರ ಆಳಿಕೆಯು 1818ರಲ್ಲಿ ಮುಗಿದು ಧಾರವಾಡದ ಸೀಮೆಯು ಕುಂಪಣಿಯ ಕೈಸೇರಿದ ಹೊಸತು. ಮುಂಬಯಿಯಲ್ಲಿ ಇಂಗ್ಲಂಡದ ಅರಸನ ಹೆಸರಿನಲ್ಲಿ ಒಂದು ಸುಪ್ರೀಮ ಕೋರ್ಟು ಸ್ಥಾಪಿತವಾಗಿತ್ತು. ಪುಣೆಯಲ್ಲಿ ಮೋರೋ ರಘುನಾಥನೆಂಬ ಬಾಲಕನನ್ನು ಅವನ ಹಿರಿಯ ಬಂಧುವೊಬ್ಬನು ಬಲಾತ್ಕಾರದಿಂದ ಇಟ್ಟುಕೊಂಡಿರುವನೆಂದು ದೂರು ಬರಲು, ಹುಡುಗನನ್ನು ತಂದು ಹಾಜರುಪಡಿಸಿರೆಂದು ಆ ಕೋರ್ಟು ರಿಟ್ಟನ್ನು ಹೊರಡಿಸಿತು. ಗವರ್ನರನಾಗಿದ್ದ ಸರ್ ಜಾನ್ ಮಾಲ್ಕಮನು ಅದನ್ನು ನಡೆಯಗೊಡಲಿಲ್ಲ. ನ್ಯಾಯಾಧೀಶ ಸರ್ ಜಾನ್ ಪೀಟರ್ ಗ್ರಾಂಟನು, ನನ್ನ ಆಜ್ಞೆಗೆ ಬೆಲೆಯಿಲ್ಲದ ಮೇಲೆ ಕೋರ್ಟೇ ಬೇಡವೆಂದು ಅದರ ಬಾಗಿಲನ್ನು ಮುಚ್ಚಿಬಿಟ್ಟನು! ಆ ಬಿಳಿಯ ನ್ಯಾಯಾಧೀಶನ ಎದೆಗಾರಿಕೆಯನ್ನು ಇಂದಿಗೂ ಮೆಚ್ಚಲೇಬೇಕು. ಆದರೆ ವ್ಯಾಜ್ಯವು ವಿಲಾಯತಿಗೆ ಹೋಗಲು 1829ರಲ್ಲಿ ಪ್ರಿವಿ ಕೌನ್ಸಿಲು ಗವರ್ನರನ ಕಡೆಗೇ ವಾಲಿತು. ಮುಂಬಯಿ ಪಟ್ಟಣದ ಎಲ್ಲೆಯ ಆಚೆಗೆ ಇಂಥ ಜನರ ಮೇಲೆ ಆ ರಿಟ್ಟು ನಡೆಯಲಾರದೆಂದು ನಿರ್ಣಯವಾಯಿತು. ಅಂದರೆ ಸ್ವಾತಂತ್ರ್ಯವು ಮುಂಬಯಿಯ ಸಮುದ್ರದ ದಂಡೆಯಲ್ಲಿ ಹುಟ್ಟಿ ಘಟ್ಟವನ್ನು ಹತ್ತುವದರೊಳಗೆ ಸತ್ತುಹೋಯಿತು.

ನೂರಾಹದಿನಾಲ್ಕು ವರುಷಗಳ ತರುವಾಯವೂ ಇದೇ ಹಾಡು. ಗಂಜಾಮ ಸೀಮೆಯ ಪರ್ಲಾಕಿಮಿಡಿ ಜಮೀನುದಾರಿಯ ರೈತರು ತಮ್ಮ ಮೇಲೆ ಹೇರಿದ ಗೇಣಿಯ ಏರಿಕೆಯನ್ನು ಪ್ರಶ್ನಿಸಿ, ಮದ್ರಾಸಿನ ರೆವಿನ್ಯೂ ಬೋರ್ಡಿನ ಹುಕುಮನ್ನು ರದ್ದುಪಡಿಸಬೇಕೆಂದು ಉತ್ಪ್ರೇಷಣದ ರಿಟ್ಟನ್ನು ಬೇಡಿದರು. 1943ರಲ್ಲಿ ಪ್ರಿವಿ ಕೌನ್ಸಿಲು ಹೇಳಿದ್ದೇನು? ಬೋರ್ಡಿನ ಕಚೇರಿಯು ಮದ್ರಾಸು ಪಟ್ಟಣದಲ್ಲಿದ್ದರೇನಾಯಿತು, ರೈತರೂ ಭೂಮಿಯೂ ಪಟ್ಟಣದ ಹೊರಗೆ ಇರುವದರಿಂದ ಮದ್ರಾಸಿನ ಹಾಯಕೋರ್ಟಿಗೆ ಆ ಅಧಿಕಾರವಿಲ್ಲವೆಂದು! ಹಾನಿ ಮಾಡುವ ಕೈ ಪಟ್ಟಣದಲ್ಲಿದ್ದರೂ ಪೆಟ್ಟು ತಿನ್ನುವ ಬೆನ್ನು ಹಳ್ಳಿಯದಾದರೆ ಔಷಧವಿಲ್ಲವೆಂಬುದು ಈ ನಿರ್ಣಯದ ತಾತ್ಪರ್ಯ. ಕಲಕತ್ತೆ, ಮದ್ರಾಸು, ಮುಂಬಯಿ ಎಂಬ ಮೂರು ಪಟ್ಟಣಗಳ ಗೋಡೆಯೊಳಗಿನವರಿಗೆ ಒಂದು ನ್ಯಾಯ, ಉಳಿದ ಕೋಟ್ಯವಧಿ ಜನರಿಗೆ ಇನ್ನೊಂದು. ಪರಮಾದೇಶವನ್ನು ಹೋಲುವ ಆಜ್ಞೆಯನ್ನು ಕೊಡುವದಕ್ಕೆ 1877ರ ಸ್ಪೆಸಿಫಿಕ್ ರಿಲೀಫ್ ಕಾಯಿದೆಯ 45ನೆಯ ಕಲಮು ಇತ್ತಾದರೂ ಅದೂ ಈ ಮೂರು ಪಟ್ಟಣಗಳ ಎಲ್ಲೆಗೇ ಕಟ್ಟುಬಿದ್ದಿತ್ತು.

ಕನ್ನಡಿಗರ ಪಾಡನ್ನು ಈಗ ಎಣಿಸಿ ನೋಡಿರಿ. ಆ ಮೂರು ಪಟ್ಟಣಗಳಲ್ಲಿ ಒಂದಾದರೂ ಕನ್ನಡ ನಾಡಿನದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳವರು ಮುಂಬಯಿಯ ಹಾಯಕೋರ್ಟಿಗೆ ಅಪೀಲು ಒಯ್ಯಬಹುದು, ಆದರೆ ಅಲ್ಲಿಯ ರಿಟ್ಟು ಅವರನ್ನು ಕಾಯಲಾರದು. ಬಳ್ಳಾರಿ, ಮಂಗಳೂರುಗಳವರು ಮದ್ರಾಸಿಗೆ ಹೋಗಬಹುದು, ಅಲ್ಲಿಯೂ ಅದೇ ಕಥೆ. ಕಲಬುರ್ಗಿ, ರಾಯಚೂರು, ಬೀದರಗಳವರು ನಿಜಾಮನ ಆಳಿಕೆಯಲ್ಲಿ. ಮೈಸೂರಿನವರು ತಮ್ಮ ಮಹಾರಾಜರ ಆಳಿಕೆಯಲ್ಲಿ. ಜಮಖಂಡಿ, ಮುಧೋಳ, ಸವಣೂರು, ಸಂಡೂರುಗಳ ಪ್ರಜೆಗಳು ತಂತಮ್ಮ ಸಂಸ್ಥಾನಿಕರ ಕೈಯಲ್ಲಿ. ಪರಪ್ರಾಂತಗಳ ಬಾಲಂಗೋಚಿಯಾಗಿ ಬದುಕುವ ಜನಕ್ಕೆ ಕಾಯಿದೆಯ ರಕ್ಷಣೆಯೂ ಬಾಲದ ತುದಿಗೆ ಮುಟ್ಟುವಷ್ಟೇ ಮುಟ್ಟುವದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಬೇಕಿಲ್ಲ.

ಬಂದಿಗಳ ವಿಷಯದಲ್ಲಿ ಮಾತ್ರ ಪರದೇಶದ ಸರಕಾರವು 1923ರಲ್ಲಿ ಕ್ರಿಮಿನಲ್ ಪ್ರೊಸೀಜರ ಕೋಡಿನ 491ನೆಯ ಕಲಮನ್ನು ತಿದ್ದಿ, ಹಾಯಕೋರ್ಟಿನ ಅಪೀಲಿನ ಎಲ್ಲೆಯ ತನಕ ಆ ಪರಿಹಾರವನ್ನು ಹಬ್ಬಿಸಿತ್ತು. ಅದರ ಬೆಲೆಯೆಷ್ಟೆಂಬುದು ಯುದ್ಧಕಾಲದಲ್ಲಿ ತಿಳಿದುಬಂತು. ಕೇಶವ ತಳಪದೆಯವರ ಖಟ್ಲೆಯಲ್ಲಿ ಫೆಡರಲ್ ಕೋರ್ಟು 1943ರ ಎಪ್ರಿಲ 22ಕ್ಕೆ, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ 26ನೆಯ ನಿಯಮವೇ ಕಾಯಿದೆಯನ್ನು ಮೀರಿದ್ದೆಂದು ತೀರ್ಪು ಕೊಟ್ಟಿತು. ದೇಶಭಕ್ತರು ಸೆರೆಮನೆಯಿಂದ ಹೊರಬೀಳುವರೆಂದು ಜನರು ಹಿಗ್ಗುವದರೊಳಗೆ, ಅದೇ ತಿಂಗಳ 28ಕ್ಕೆ ಒಂದು ಆರ್ಡಿನನ್ಸು ಹೊರಟು, ಹಿಂದೆ ಹಿಡಿದವರನ್ನೆಲ್ಲ ಸರಿಯಾಗಿಯೇ ಹಿಡಿದದ್ದೆಂದು ಸಾರಿತು. ನ್ಯಾಯಾಲಯವು ಕೊಟ್ಟದ್ದನ್ನು ಕಸಿಯಲು ಆರು ದಿನ ಸಾಕಾದವು.

ಇಂಥ ಅನುಭವವನ್ನು ಉಂಡವರೇ ಸಂವಿಧಾನವನ್ನು ಬರೆಯಲು ಕುಳಿತುದರಿಂದಲೇ 32ನೆಯ ಮತ್ತು 226ನೆಯ ಅನುಚ್ಛೇದಗಳು ಹುಟ್ಟಿದವು. 32ನೆಯದನ್ನು ಡಾಕ್ಟರ ಅಂಬೇಡಕರರು ಸಂವಿಧಾನದ ಹೃದಯವೆಂದೂ ಆತ್ಮವೆಂದೂ 1948ರ ಡಿಸೆಂಬರದಲ್ಲಿ ಸಂವಿಧಾನ ಸಭೆಯಲ್ಲಿ ಕರೆದದ್ದು ಸುಪ್ರಸಿದ್ಧವಾಗಿದೆ. ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯ ಜನಕ್ಕೆ 226ನೆಯದೇ ಹೆಚ್ಚಿನದು. ದಿಲ್ಲಿಯ ಕೋರ್ಟು ಮೂಲಭೂತ ಹಕ್ಕುಗಳಿಗಾಗಿ ಮಾತ್ರ ರಿಟ್ಟು ಕೊಡುವದು. ಪ್ರಾಂತದ ಹಾಯಕೋರ್ಟಾದರೋ ಬೇರೆ ಯಾವ ಉದ್ದೇಶಕ್ಕಾದರೂ ಕೊಡಬಲ್ಲದು. 1950ರ ಜನೇವರಿ 26ಕ್ಕೆ ಪಟ್ಟಣದ ಗೋಡೆ ಬಿದ್ದುಹೋಯಿತು. ಮೂರು ಪಟ್ಟಣಗಳ ಸೊತ್ತಾಗಿದ್ದದ್ದು ಹಳ್ಳಿಹಳ್ಳಿಯವನ ಸೊತ್ತಾಯಿತು.

ಆ ಅಧಿಕಾರದ ಅಳತೆಯನ್ನು ಮೊದಲು ಚೆನ್ನಾಗಿ ಅಳೆದ ವ್ಯಾಜ್ಯಗಳಲ್ಲಿ ಒಂದು ನಮ್ಮ ತರೀಕೆರೆಯ ಚುನಾವಣೆಯದೆಂಬುದು ಕನ್ನಡಿಗರು ಅರಿಯಬೇಕಾದ ಸಂಗತಿ. ಬಸಪ್ಪ ಮತ್ತು ನಾಗಪ್ಪ ಎಂಬ ಆ ವ್ಯಾಜ್ಯದಲ್ಲಿ ಸುಪ್ರೀಮ ಕೋರ್ಟು 1954ರಲ್ಲಿ ಎರಡು ಮಾತುಗಳನ್ನು ಸಾರಿತು. ನಮ್ಮ ಸಂವಿಧಾನದ ಮಾತುಗಳು ಇಷ್ಟು ವಿಶಾಲವಾಗಿರುವಾಗ ಇಂಗ್ಲಂಡದ ಹಳೆಯ ರಿಟ್ಟುಗಳ ತಾಂತ್ರಿಕ ಕಟ್ಟುಪಾಡುಗಳಿಗೆ ಜೋತುಬೀಳುವ ಅವಶ್ಯವಿಲ್ಲವೆಂಬುದು ಒಂದು. ರಿಟ್ಟಿನ ಕೋರ್ಟು ಅಪೀಲಿನ ಕೋರ್ಟಲ್ಲ, ಕೆಳಗಿನವನು ತನ್ನ ಅಧಿಕಾರವನ್ನು ಮೀರಿದನೇ, ನ್ಯಾಯಕ್ರಮವನ್ನು ಬಿಟ್ಟನೇ, ಕಾಗದದ ಮುಖದ ಮೇಲೆಯೇ ಕಾಣುವ ತಪ್ಪನ್ನು ಮಾಡಿದನೇ ಎಂಬುದನ್ನಷ್ಟೇ ನೋಡಬೇಕೆಂಬುದು ಇನ್ನೊಂದು. ಇದರಂತೆಯೇ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಅಧ್ಯಾಪಕರೊಬ್ಬರ ನೇಮಕವನ್ನು ಪ್ರಶ್ನಿಸಿದ ವ್ಯಾಜ್ಯದಲ್ಲಿ 1963ರಲ್ಲಿ ಅಧಿಕಾರ ಪೃಚ್ಛೆಯ ಲಕ್ಷಣವು ನಿಶ್ಚಿತವಾಯಿತು. ಕನ್ನಡ ನಾಡಿನ ವ್ಯಾಜ್ಯಗಳು ಇಡೀ ಭಾರತದ ಕಾಯಿದೆಯನ್ನು ರೂಪಿಸಿರುವವು. ಆದರೆ ಆ ಕಾಯಿದೆಯನ್ನು ಕನ್ನಡದಲ್ಲಿ ಓದುವ ಭಾಗ್ಯವು ನಮ್ಮವರಲ್ಲಿ ಎಷ್ಟು ಮಂದಿಗೆ ಬಂದಿದೆ?

ಬರೆದ ಹಕ್ಕು ಬೇರೆ, ಕೈಗೆ ಎಟಕುವ ಹಕ್ಕು ಬೇರೆ. ಎಲ್ಲೆಯ ಕಾಟವು 1950ಕ್ಕೆ ಪೂರ್ತಿ ತೀರಲಿಲ್ಲ. ದಿಲ್ಲಿಯಲ್ಲಿ ಕಚೇರಿಯುಳ್ಳ ಚುನಾವಣಾ ಕಮಿಶನ್ನಿಗೆ ಮದ್ರಾಸಿನ ಹಾಯಕೋರ್ಟು ರಿಟ್ಟು ಕೊಡಲಾರದೆಂದು 1953ರಲ್ಲಿಯೂ, ಕೇಂದ್ರ ಸರಕಾರದ ವಿಷಯದಲ್ಲಿ ಅದೇ ತತ್ತ್ವವು 1961ರಲ್ಲಿಯೂ ಸ್ಥಿರವಾಯಿತು. ಪರ್ಲಾಕಿಮಿಡಿಯ ಭೂತವೇ ತಲೆಕೆಳಗಾಗಿ ಎದ್ದು ಬಂದಂತಾಯಿತು! ಕೇಂದ್ರದ ಹುಕುಮಿನಿಂದ ಧಾರವಾಡದಲ್ಲಿ ಅನ್ಯಾಯವಾದವನು ಆಗ ದಿಲ್ಲಿಯ ಮೇಲೆ ಅಧಿಕಾರವಿದ್ದ ಪಂಜಾಬದ ಹಾಯಕೋರ್ಟಿಗೆ ಓಡಬೇಕು. 1963ರ ಹದಿನೈದನೆಯ ತಿದ್ದುಪಡಿಯು ವ್ಯಾಜ್ಯದ ಕಾರಣವು ಹುಟ್ಟಿದ ಸ್ಥಳದ ಹಾಯಕೋರ್ಟಿಗೂ ಅಧಿಕಾರ ಕೊಟ್ಟು ಈ ಕಷ್ಟವನ್ನು ಬಗೆಹರಿಸಿತು. ಇನ್ನು ನಮ್ಮ ನಾಡಿನೊಳಗಿನ ದೂರ! ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರುಗಳು. ಏಕೀಕರಣವಾಗಿ 52 ವರುಷಗಳು ಕಳೆದ ಮೇಲೆ, ಉತ್ತರದ ವಕೀಲರೂ ನಾಗರಿಕರೂ ದೀರ್ಘಕಾಲ ಚಳವಳಿ ಹೂಡಿದ ಮೇಲೆ, 2008ರ ಜುಲೈ ತಿಂಗಳಲ್ಲಿ ಧಾರವಾಡಕ್ಕೂ ಕಲಬುರ್ಗಿಗೂ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಅವು ಕಾಯಂ ಆದವು. ಪೀಠಗಳು ಬಂದರೆ ಹಾಯಕೋರ್ಟಿನ ಐಕ್ಯವು ಒಡೆಯುವದೆಂದು ಅಂದು ಹೆದರಿಸಿದವರಿದ್ದರು. ಐಕ್ಯವೇನೂ ಒಡೆಯಲಿಲ್ಲ, ಬಡವನ ಪ್ರಯಾಣದ ಖರ್ಚು ಉಳಿಯಿತು.

ಅಧಿಕಾರವನ್ನು ಬರೆದಿಟ್ಟರೂ ಅದನ್ನು ನಡೆಯಿಸುವ ಎದೆ ಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆವು. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಸೆರೆಸಿಕ್ಕ ವಾಜಪೇಯಿ, ಅಡವಾಣಿ, ಮಧು ದಂಡವತೆ ಮೊದಲಾದವರು ಸಲ್ಲಿಸಿದ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕದ ಹಾಯಕೋರ್ಟು ಹೇಳಿತು. ಹಾಗೆ ಹೇಳಿದ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ, ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಇಬ್ಬರಿಗೂ ಪರಪ್ರಾಂತಗಳಿಗೆ ವರ್ಗವಾಯಿತು. 1976ರ ಎಪ್ರಿಲ 28ಕ್ಕೆ ಸುಪ್ರೀಮ ಕೋರ್ಟು ನಾಲ್ವರ ಬಹುಮತದಿಂದ ಬಂದಿಗಳ ಬಾಗಿಲನ್ನು ಮುಚ್ಚಿತು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಬೇರೆಯಾಗಿ ನಿಂತರು. ಆ ತೀರ್ಪನ್ನು ಸುಪ್ರೀಮ ಕೋರ್ಟೇ ತಪ್ಪೆಂದು ತಳ್ಳಿಹಾಕಿದ್ದು 2017ರಲ್ಲಿ, ನಮ್ಮ ಹಾಯಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ. ಕನ್ನಡಿಗರು ಈ ರಥದ ಗಾಲಿಗೆ ಹೆಗಲು ಕೊಟ್ಟವರೇ ಹೊರತು ದಾರಿಯ ಬದಿಗೆ ನಿಂತು ನೋಡಿದವರಲ್ಲ. ಆದುದರಿಂದಲೇ ನಮ್ಮ ಬೇಡಿಕೆಯು ಭಿಕ್ಷೆಯಲ್ಲ.

ಈಗ ನಾಲಗೆಯ ಮಾತಿಗೆ ಬರುವೆವು. ಸಂವಿಧಾನದ 348ನೆಯ ಅನುಚ್ಛೇದದಂತೆ ಹಾಯಕೋರ್ಟಿನ ಕಲಾಪವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಆದರೆ ಅದೇ ಅನುಚ್ಛೇದದ ಎರಡನೆಯ ಖಂಡವು, ರಾಷ್ಟ್ರಪತಿಯ ಸಮ್ಮತಿಯನ್ನು ಮೊದಲು ಪಡೆದು ರಾಜ್ಯಪಾಲರು ಹಿಂದಿಯನ್ನಾಗಲಿ ರಾಜ್ಯದ ಆಡಳಿತ ಭಾಷೆಯನ್ನಾಗಲಿ ಕಲಾಪಕ್ಕೆ ಬಳಸಗೊಡಬಹುದೆಂದು ಹೇಳುವದು. ತೀರ್ಪುಗಳನ್ನೂ ಹಾಗೆ ಕೊಡಬಹುದೆಂದು, ಜೊತೆಗೆ ಇಂಗ್ಲಿಷ್ ಭಾಷಾಂತರವಿರಬೇಕೆಂದು 1963ರ ರಾಜಭಾಷಾ ಕಾಯಿದೆಯ 7ನೆಯ ಕಲಮು ವಿಧಿಸುವದು. ಈ ಬಾಗಿಲಿನಿಂದ ರಾಜಸ್ಥಾನಕ್ಕೆ 1950ರಲ್ಲಿ, ಉತ್ತರ ಪ್ರದೇಶಕ್ಕೆ 1969ರಲ್ಲಿ, ಮಧ್ಯ ಪ್ರದೇಶಕ್ಕೆ 1971ರಲ್ಲಿ, ಬಿಹಾರಕ್ಕೆ 1972ರಲ್ಲಿ ಹಿಂದಿಯ ಪ್ರವೇಶವಾಯಿತು. ತಮಿಳುನಾಡು, ಗುಜರಾತ, ಛತ್ತೀಸಗಡ, ಪಶ್ಚಿಮ ಬಂಗಾಲ, ಕರ್ನಾಟಕ ಇವುಗಳ ಬೇಡಿಕೆಯು ಹೋದಾಗ 2012ರ ಅಕ್ಟೋಬರದಲ್ಲಿ ಸುಪ್ರೀಮ ಕೋರ್ಟಿನ ಎಲ್ಲ ನ್ಯಾಯಾಧೀಶರ ಸಭೆಯು ಒಪ್ಪಲಿಲ್ಲ. ನ್ಯಾಯಾಧೀಶರ ಸಮ್ಮತಿ ಬೇಕೆಂಬ ಮಾತು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಅದು 1965ರ ಒಂದು ಮಂತ್ರಿಮಂಡಲದ ಸಮಿತಿಯ ನಿರ್ಣಯದಿಂದ ಬಂದ ಪದ್ಧತಿ. ನಾಲ್ಕು ಪ್ರಾಂತಗಳಿಗೆ ಸಂದ ಹಕ್ಕು ಐದನೆಯದಕ್ಕೆ ಸಲ್ಲದೆಂದರೆ, ಮೂರು ಪಟ್ಟಣಗಳ ಗೋಡೆಯನ್ನು ಕೆಡವಿದವರೇ ನಾಲ್ಕು ಪ್ರಾಂತಗಳ ಗೋಡೆಯನ್ನು ಕಟ್ಟಿದಂತಾಗಲಿಲ್ಲವೇ? ಹಿಂದಿಯ ಮೇಲೆ ನಮಗೆ ಹಗೆಯಿಲ್ಲ. ಅಕ್ಕನಿಗೆ ಬಡಿಸಿದ್ದನ್ನೇ ತಂಗಿಗೂ ಬಡಿಸಿರೆಂಬುದಷ್ಟೇ ನಮ್ಮ ಮಾತು.

ಪರಪ್ರಾಂತದ ನ್ಯಾಯಾಧೀಶರಿಗೆ ಕನ್ನಡ ಬಾರದಲ್ಲ ಎಂದು ಕೇಳುವವರಿದ್ದಾರೆ. ಎದುರಾಳಿಗಳ ಆಕ್ಷೇಪಗಳಲ್ಲಿ ತೂಕವುಳ್ಳದ್ದು ಇದೊಂದೇ. ಆದರೆ ಅಲಹಾಬಾದಿಗೂ ಪಾಟಣಕ್ಕೂ ಪರಪ್ರಾಂತದ ಮುಖ್ಯ ನ್ಯಾಯಾಧೀಶರು ಹೋಗುತ್ತಿರುವರಷ್ಟೆ? ಅಲ್ಲಿ ನಡೆಯುವದು ಇಲ್ಲೇಕೆ ನಡೆಯದು? ಭಾಷಾಂತರದ ಹೊರೆ ಯಾರಾದರೂ ಹೊರಲೇಬೇಕು. ಇಂದು ಅದನ್ನು ಹೊರುವವನು ಅನ್ಯಾಯಕ್ಕೊಳಗಾದ ಬಡವನು; ತನಗೆ ಬಂದ ಕನ್ನಡ ಹುಕುಮನ್ನು, ತಾನು ಕೊಟ್ಟ ಕನ್ನಡ ಉತ್ತರವನ್ನು, ತನ್ನ ಬಾಯಿಯ ಕನ್ನಡ ದುಃಖವನ್ನು ಇಂಗ್ಲಿಷಿಗೆ ತಿರುಗಿಸುವದಕ್ಕೆ ಹಣ ಕೊಡುವವನು ಅವನೇ; ತಿರುಗಿಸಿದ ಮೇಲೆ ಅಫಿಡವಿಟ್ಟಿನ ಕೆಳಗೆ, ತನಗೆ ಓದಲು ಬಾರದ ಮಾತುಗಳು ಸತ್ಯವೆಂದು ರುಜು ಹಾಕುವವನೂ ಅವನೇ. ಆ ಹೊರೆಯನ್ನು ಸರಕಾರದ ಬೊಕ್ಕಸವು ಹೊರಲಿ.

ಕನ್ನಡದಲ್ಲಿ ಕಾಯಿದೆಯ ಶಬ್ದಗಳಿಲ್ಲವೆಂಬ ಇನ್ನೊಂದು ಆಕ್ಷೇಪಕ್ಕೆ ನಗು ಬರುವದು. ಸರ್ಷಿಯೊರರಿ, ಮ್ಯಾಂಡಮಸ್, ಹೇಬಿಯಸ್ ಕಾರ್ಪಸ್ ಇವು ಇಂಗ್ಲಿಷ್ ಶಬ್ದಗಳೇನು? ಲ್ಯಾಟಿನ್ನಿನಿಂದ ಎರವಲು ತಂದವು. ಆ ಇಂಗ್ಲಂಡದ ಚರಿತ್ರೆಯನ್ನೇ ನೋಡಿರಿ. ಅಲ್ಲಿಯ ಕೋರ್ಟುಗಳಲ್ಲಿ ಫ್ರೆಂಚ್ ಭಾಷೆಯು ಮೆರೆಯುತ್ತಿತ್ತು; ತಮ್ಮ ಪರವಾಗಿ ಏನು ಹೇಳುತ್ತಾರೆ, ವಿರುದ್ಧವಾಗಿ ಏನು ಹೇಳುತ್ತಾರೆ ಎಂಬುದೇ ಜನರಿಗೆ ತಿಳಿಯದೆಂದು 1362ರಲ್ಲಿ ವಾದವು ಇಂಗ್ಲಿಷಿನಲ್ಲಿಯೇ ನಡೆಯಲೆಂದು ಶಾಸನವಾಯಿತು. ಆ ಶಾಸನವನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ದಫ್ತರವು ಆಮೇಲೂ ಲ್ಯಾಟಿನ್ನಿನಲ್ಲಿಯೇ ಉಳಿದು, 1733ರಲ್ಲಷ್ಟೇ ಇಂಗ್ಲಿಷಿಗೆ ತಿರುಗಿತು. ಜನರ ಭಾಷೆಯು ಕೋರ್ಟಿಗೆ ಒಗ್ಗದೆಂದು ಅಲ್ಲಿಯ ಪಂಡಿತರು ಅಂದು ಹೇಳಿದ್ದನ್ನೇ ನಮ್ಮ ವಕೀಲ ಬಾಂಧವರು ಇಂದು ಹೇಳುತ್ತಿರುವರು. ನಮ್ಮ ಬಾಂಧವರಲ್ಲಿ ಕೆಲವರಿಗೆ ಕಕ್ಷಿದಾರನು ತನ್ನ ಅರ್ಜಿಯನ್ನು ತಾನೇ ಓದಿ ತಿಳಿಯುವನೆಂಬುದೇ ಅಂಜಿಕೆಯಾಗಿದೆಯೋ ಎಂಬ ಸಂಶಯವನ್ನು ನಾವು ಮುಚ್ಚಿಡಲಾರೆವು.

ಶಬ್ದಗಳು ಬಳಕೆಯಿಂದ ಬಲಿಯುವವು. ಕೆಳಗಿನ ಕೋರ್ಟುಗಳಲ್ಲಿ ಕನ್ನಡವು ನಡೆಯುತ್ತಿರುವದು. 2024ರ ಡಿಸೆಂಬರದಲ್ಲಿ ನಮ್ಮ ಹಾಯಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿಯೂ ತೀರ್ಪು ಕೊಟ್ಟಾಗ ಆಕಾಶವೇನೂ ಕಳಚಿಬೀಳಲಿಲ್ಲ. ಆದರೆ ನ್ಯಾಯಾಧೀಶರ ಸೌಜನ್ಯದಿಂದ ಬಂದದ್ದು ಅವರ ವರ್ಗದೊಡನೆ ಹೋಗಬಹುದು. ಕಾಯಿದೆಯಿಂದ ಬಂದದ್ದು ಉಳಿಯುವದು. ಕಾಸರಗೋಡಿನ ನಮ್ಮ ಸೋದರರಂತೂ 1956ರಿಂದ ಕೇರಳದ ಹಾಯಕೋರ್ಟಿಗೆ ಎರ್ಣಾಕುಳದ ದಾರಿ ಹಿಡಿಯಬೇಕಾಗಿದೆ. ಅವರ ವಿಷಯವು ಪ್ರತ್ಯೇಕ ಲೇಖನವನ್ನೇ ಬೇಡುವದು.

ಎಲ್ಲವನ್ನೂ ಒಂದೇ ದಿನ ಬದಲಿಸಿರೆಂದು ನಾವು ಹೇಳುವದಿಲ್ಲ. ಮೊದಲನೆಯ ಹೆಜ್ಜೆಯಾಗಿ ಬಂದೀ ಪ್ರತ್ಯಕ್ಷೀಕರಣದ ಅರ್ಜಿಗಳನ್ನಾದರೂ ಕನ್ನಡದಲ್ಲಿ ಸ್ವೀಕರಿಸಲಿ. ಸೆರೆಮನೆಯ ಕೈದಿಯೊಬ್ಬನು ಜೊತೆಯ ಕೈದಿಗಾದ ಚಿತ್ರಹಿಂಸೆಯನ್ನು ಕುರಿತು ಬರೆದ ಒಂದು ಪತ್ರವನ್ನೇ ಸುಪ್ರೀಮ ಕೋರ್ಟು ರಿಟ್ಟಿನ ಅರ್ಜಿಯೆಂದು ಭಾವಿಸಿ, ಸುನೀಲ ಬಾತ್ರಾ ಎಂಬ ವ್ಯಾಜ್ಯದಲ್ಲಿ 1979ರಲ್ಲಿ ತೀರ್ಪು ಕೊಟ್ಟಿತು. ಮುದ್ರೆಯಿಲ್ಲದ, ವಕೀಲನಿಲ್ಲದ ಕಾಗದವು ಅರ್ಜಿಯಾಗಬಹುದಾದರೆ, ಬಳ್ಳಾರಿಯ ಜೇಲಿನಿಂದ ಕನ್ನಡದಲ್ಲಿ ಬರೆದ ಕಾಗದವು ಕನ್ನಡದಲ್ಲಿಯೇ ವಿಚಾರಣೆಗೆ ಬರುವದಕ್ಕೆ ಅಡ್ಡಿಯೇನು? ವಿಧಾನ ಮಂಡಲವು ಈ ಬಗ್ಗೆ ಗೊತ್ತುವಳಿಯನ್ನು ಸ್ವೀಕರಿಸಿ, 348ನೆಯ ಅನುಚ್ಛೇದದ ಎರಡನೆಯ ಖಂಡದಂತೆಯೂ ರಾಜಭಾಷಾ ಕಾಯಿದೆಯ 7ನೆಯ ಕಲಮಿನಂತೆಯೂ ಹೊಸದಾಗಿ ಪ್ರಸ್ತಾವವನ್ನು ದಿಲ್ಲಿಗೆ ಕಳಿಸಲಿ. ಬೆಂಗಳೂರು, ಧಾರವಾಡ, ಕಲಬುರ್ಗಿಗಳ ವಕೀಲರ ಸಂಘಗಳು ತಾವು ಯಾವ ಪಕ್ಷದವರೆಂಬುದನ್ನು ಬರವಣಿಗೆಯಲ್ಲಿ ತಿಳಿಸಲಿ. ಊರೂರಿನ ಉಪಾಧ್ಯಾಯರೂ ಮಹಾಜನರೂ ತಮ್ಮ ಶಾಸಕನು ಮತ ಕೇಳಲು ಬಂದಾಗ ಈ ಒಂದು ಪ್ರಶ್ನೆಯನ್ನು ಅವನ ಮುಂದೆ ಇಟ್ಟು, ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಪಡೆಯಲಿ. ಬಂದ ಉತ್ತರಗಳನ್ನು ನಮಗೆ ಬರೆದು ಕಳಿಸಿದಲ್ಲಿ ಶಾಸಕರ ಹೆಸರು ಸಹಿತವಾಗಿ ಇದೇ ಅಂಕಣದಲ್ಲಿ ಅಚ್ಚು ಹಾಕುವೆವು.